ಮೂಟೆ ನಮ್ಮದು, ತಕ್ಕಡಿ ಯಾರದು?



ನಮ್ಮ ಗೆಂಡೆಹಳ್ಳಿ ಕಡೆ ಕಾಫಿ ಹಣ್ಣು ಕುಯ್ಯೋರು ಯಾರು? ಹೆಚ್ಚಾಗಿ ಹೆಂಗಸರು. ಕಣದಲ್ಲಿ ಹರವಿ, ಕೈಯಾಡಿಸಿ, ಒಣಗಿಸೋದೂ ನಾವೇ. ಮಾರುವ ದಿನ ಮಾತ್ರ ನಾವು ಬಾಗಿಲ ಹಿಂದೆ!

ಹಿಂದೆ ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. 1942ರ ಕಾನೂನಿನಂತೆ ಕಾಫಿ ಬೋರ್ಡಿಗೆ ಒಪ್ಪಿಸಬೇಕಿತ್ತು. ಬೋರ್ಡು ಹರಾಜು ಹಾಕುತ್ತಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಕಾದು ಕಾದು ಸಾಕಾಗ್ತಿತ್ತು. 1992ರಿಂದ ಈ ಕಟ್ಟು ಸಡಿಲವಾಯಿತು. 1996ರಲ್ಲಿ ಪೂರ್ತಿ ಹೋಯಿತು. ಈಗ ಯಾರಿಗೆ ಬೇಕಾದರೂ ಮಾರಬಹುದು. ವ್ಯಾಪಾರಿ ಮನೆ ಬಾಗಿಲಿಗೇ ಬರ್ತಾನೆ.

ಅವನು ಬೇಡವೇ? ಹಾಗೆ ಹೇಳೋಕಾಗಲ್ಲ. ನಾಲ್ಕು ಮೂಟೆ ಹೊತ್ತುಕೊಂಡು ನಾವು ಇಟಲಿಗೆ ಹೋಗ್ತೀವಾ? ಅವನ ಹತ್ತಿರ ಲಾರಿ ಇದೆ. ಸಿಪ್ಪೆ ತೆಗೆಯುವ ಕ್ಯೂರಿಂಗ್ ಕಾರ್ಖಾನೆಯ ಪರಿಚಯ ಇದೆ. ಮಳೆಗಾಲದಲ್ಲಿ ಕೈ ಖಾಲಿಯಾದಾಗ ಮುಂಗಡ ಕೊಡೋನೂ ಅವನೇ. ಕಷ್ಟ ಇರೋದೂ ಅಲ್ಲೇ. ಮುಂಗಡ ತಗೊಂಡ ಮೇಲೆ ಬೇರೆಯವರ ಬೆಲೆ ಕೇಳೋಕೆ ಬಾಯಿ ಬರಲ್ಲ.

ಈಗ ತೂಕದ ವಿಷಯ. ಒಣಗಿದ ಹಣ್ಣಿನ ಮೂಟೆ 50 ಕಿಲೋ. ಅದರಲ್ಲಿ ಬೀಜ ಎಷ್ಟು ಬರುತ್ತೆ? ಅದಕ್ಕೆ ಔಟ್‌ಟರ್ನ್ ಅಂತಾರೆ. ಒಂದಿಷ್ಟು ಹಣ್ಣು ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಲೆಕ್ಕ ಹಾಕ್ತಾರೆ. ಬೀಜದ ಕಿಲೋಗೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. 26 ಕಿಲೋ ಬಂದರೆ ಮೂಟೆಗೆ 5,200 ರೂಪಾಯಿ. 24 ಅಂತ ಬರೆದರೆ 4,800. ಹತ್ತು ಮೂಟೆಗೆ 4,000 ರೂಪಾಯಿ ಹೋಯ್ತು! ಬೆಲೆ ಕಮ್ಮಿ ಮಾಡಿದ್ರೆ ನಮಗೆ ಗೊತ್ತಾಗುತ್ತೆ. ಔಟ್‌ಟರ್ನ್ ಕಮ್ಮಿ ಮಾಡಿದ್ರೆ ಗೊತ್ತೇ ಆಗಲ್ಲ.

ನಮ್ಮವ್ವ ವರ್ಷಗಟ್ಟಲೆ ಚೀಟಿಗೆ ಹೆಬ್ಬೆಟ್ಟು ಒತ್ತಿದಳು. ಆ ಚೀಟಿಗಳು ಟ್ರಂಕಿನಲ್ಲಿದ್ದವು. ನಾನು ಓದು ಕಲಿತ ಮೇಲೆ ತೆಗೆದು ನೋಡಿದೆ. ಔಟ್‌ಟರ್ನ್ ಜಾಗದಲ್ಲಿ ಏನೂ ಬರೆದಿರಲಿಲ್ಲ. ಬರೀ ಒಟ್ಟು ಹಣ. ಅವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನೆ ಕೂತಿದ್ದಳು. "ಮಗಾ, ಅವನು ನನ್ನ ಬಾಣಂತನಕ್ಕೂ ದುಡ್ಡು ಕೊಟ್ಟಿದ್ದ ಕಣೆ" ಅಂದಳು. ನನಗೆ ಮಾತು ಹೊರಡಲಿಲ್ಲ.

ಈ ಸಲ ಬೀಜ ತೂಗುವಾಗ ಪಕ್ಕದಲ್ಲಿ ನಿಲ್ಲಿ. ಚೀಟಿಯಲ್ಲಿ ತೂಕ, ಔಟ್‌ಟರ್ನ್, ದರ, ಮುರಿದುಕೊಂಡ ಮುಂಗಡ ಬೇರೆ ಬೇರೆ ಬರೆಸಿ. ಮನೆಯಲ್ಲಿ ಹಳೇ ಚೀಟಿ ಇದ್ದರೆ ಮುಂದಿನ ತರಗತಿಗೆ ತನ್ನಿ. ಎಲ್ಲರೂ ಕೂತು ಓದೋಣ.