ದೀಪ ಬೆಳಗಲಿ, ಕಣ್ಣು ಕುಕ್ಕದಿರಲಿ

(ಅಕ್ಕಲಕೋಟ ತಾಲೂಕಿನ ಪಾಲಕರ ಹಾಗೂ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯಿಂದ ಸಾಹಿತ್ಯ, ಸಂಸ್ಕೃತಿ, ಮಾತೃಭಾಷೆಯ ರಕ್ಷಣೆ ಮೊದಲಾದ ಘನ ವಿಷಯಗಳನ್ನು ಕೇಳುವ ರೂಢಿ ತಮಗಿದೆ. ಇಂದು ನಾವು ಆರಿಸಿಕೊಂಡ ವಿಷಯವಾದರೋ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದು ಸೈಕಲ್ಲಿನ ದೀಪ. ಆದರೆ ಕನ್ನಡದಲ್ಲಿಯೇ ಕಲಿಯಬೇಕೆಂದು ದೂರದ ಹಳ್ಳಿಯಿಂದ ಸೈಕಲ್ಲು ತುಳಿದುಕೊಂಡು ಬರುವ ಮಗುವು ಸಂಜೆ ಸುರಕ್ಷಿತವಾಗಿ ಮನೆ ಸೇರದಿದ್ದರೆ, ಆ ಘನ ವಿಷಯಗಳೆಲ್ಲ ಯಾರಿಗಾಗಿ? ಆದ್ದರಿಂದ ಈ ಚಿಕ್ಕ ವಿಷಯಕ್ಕೆ ಕೆಲವು ನಿಮಿಷ ಕಿವಿಗೊಡಬೇಕೆಂದು ಬಿನ್ನವಿಸಿಕೊಳ್ಳುತ್ತೇವೆ.

ಡಿಸೆಂಬರ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಸುಮಾರು ಆರು ಗಂಟೆಗೆ ಹೊತ್ತು ಮುಳುಗುತ್ತದೆ. ಹತ್ತನೆಯ ಇಯತ್ತೆಯ ಮಕ್ಕಳಿಗೆ ಪರೀಕ್ಷೆಯ ಸಿದ್ಧತೆ ನಡೆಯುವುದು ಆ ದಿನಗಳಲ್ಲಿಯೇ. ಕಬ್ಬಿನ ಹಂಗಾಮೂ ಅದೇ. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರಾಲಿಗಳು ಡಾಂಬರು ರಸ್ತೆಯ ಮೇಲೆ ಕರಿಯ ಗೋಡೆಗಳಂತೆ ಚಲಿಸುತ್ತವೆ, ಕೆಲವೊಮ್ಮೆ ನಿಂತೇ ಇರುತ್ತವೆ. ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ ಎಂಬ ಗಾದೆಯುಂಟು. ದಿನವೂ ತುಳಿಯುವ ಹಾದಿಯೇ ಕತ್ತಲೆಯಲ್ಲಿ ಬೇರೊಂದು ಹಾದಿಯಾಗುತ್ತದೆ.

ಬೋಧನೆ ಮಾಡುವ ಮೊದಲು ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ನಾವು ಸೈಕಲ್ಲಿಗೆ ಒಂದು ಹೊಸ ಎಲ್‌ಇಡಿ ದೀಪವನ್ನು ಕಟ್ಟಿಸಿದೆವು. ಅದರ ಬೆಳಕು ದೂರದ ಬೇವಿನ ಮರದ ನೆತ್ತಿಯನ್ನು ಮುಟ್ಟುತ್ತಿತ್ತು. ಅದನ್ನು ಕಂಡು ನಮಗೆ ಹೆಮ್ಮೆ. ಒಂದು ರಾತ್ರಿ ಎದುರಿನಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ ವೃದ್ಧರೊಬ್ಬರು ನಮ್ಮನ್ನು ಸಮೀಪಿಸುತ್ತಲೇ ಒಮ್ಮೆಲೆ ರಸ್ತೆ ಬಿಟ್ಟು ತಗ್ಗಿಗೆ ಉರುಳಿದರು. ಓಡಿಹೋಗಿ ಎತ್ತಿದೆವು. ಮುಂಗೈ ಮುರಿದಿತ್ತು. ಅವರು ಬೈಯಲಿಲ್ಲ. ನೋವು ನುಂಗಿಕೊಂಡು, “ತಮ್ಮಾ, ನಿನ್ನ ದೀಪ ನಿನಗ ಹಾದಿ ತೋರ್ಸಾಕ ಐತೋ, ನನ್ನ ಕಣ್ಣು ಕಟ್ಟಾಕ ಐತೋ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿನ ಈ ಮಾತುಗಳೇ ಆ ಉತ್ತರವೆಂದು ತಿಳಿಯಬೇಕು.

ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಬೇಗನೆ ಹಿಗ್ಗುತ್ತದೆ. ಆದರೆ ಒಳಗಿನ ಅಕ್ಷಿಪಟಲವು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯವರೆಗೂ ಬೇಕಾಗುತ್ತದೆ. ಹೀಗೆ ಹೊಂದಿಕೊಂಡ ಕಣ್ಣಿಗೆ ತೀಕ್ಷ್ಣವಾದ ಬೆಳಕು ಬಡಿದರೆ ಆ ಸಿದ್ಧತೆಯೆಲ್ಲ ಕ್ಷಣದಲ್ಲಿ ಕೆಡುತ್ತದೆ. ಕೆಲವು ಸೆಕೆಂಡುಗಳ ಕಾಲ ಮುಂದಿನದೇನೂ ಕಾಣದು. ವಯಸ್ಸಾದವರಿಗೆ ಈ ಚೇತರಿಕೆ ಇನ್ನೂ ನಿಧಾನ. ಗಂಟೆಗೆ 15 ಕಿಲೋಮೀಟರ ವೇಗದ ಸೈಕಲ್ಲು ಒಂದು ಸೆಕೆಂಡಿಗೆ 4 ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಹೀಗಿರಲಾಗಿ, ಮೂರು ಸೆಕೆಂಡು ಕುರುಡನಾದವನು 12 ಮೀಟರು ಕುರುಡನಾಗಿಯೇ ಹೋದಂತಾಯಿತು. ಆ 12 ಮೀಟರಿನೊಳಗೆ ತಗ್ಗಿರಬಹುದು, ದನವಿರಬಹುದು, ನಿಂತ ಟ್ರಾಲಿಯಿರಬಹುದು.

ಹಾಗಾದರೆ ದೀಪವೇ ಬೇಡವೇ? ಖಂಡಿತ ಬೇಕು. ಸೈಕಲ್ಲಿನ ದೀಪಕ್ಕೆ ಎರಡು ಕೆಲಸ: ನಮಗೆ ಹಾದಿಯನ್ನು ತೋರಿಸುವುದು ಒಂದು, ನಮ್ಮನ್ನು ಪರರಿಗೆ ತೋರಿಸುವುದು ಇನ್ನೊಂದು. ಎರಡನೆಯದನ್ನು ನಾವು ಮರೆಯುತ್ತೇವೆ. “ಬೆಳದಿಂಗಳಿದೆ, ನಮಗೆ ಹಾದಿ ಕಾಣುತ್ತದೆ” ಎನ್ನುವ ಹುಡುಗನು, ಮೋಟಾರು ನಡೆಸುವವನಿಗೆ ತಾನು ಕಾಣುವೆನೇ ಎಂದು ಕೇಳಿಕೊಳ್ಳುವುದಿಲ್ಲ. ಗಂಟೆಗೆ 60 ಕಿಲೋಮೀಟರ ವೇಗದ ವಾಹನವು ಸೆಕೆಂಡಿಗೆ ಸುಮಾರು 17 ಮೀಟರು ಕ್ರಮಿಸುತ್ತದೆ. ಕಪ್ಪು ಬಟ್ಟೆಯ ಸವಾರನು ಅದರ ಚಾಲಕನಿಗೆ 30 ಮೀಟರಿನಲ್ಲಿ ಕಂಡನೆಂದರೆ, ಯೋಚಿಸಿ ಬ್ರೇಕು ಒತ್ತಲು ಎರಡು ಸೆಕೆಂಡಿನಷ್ಟೂ ವೇಳೆ ಉಳಿಯದು.

ಹಿಂದಿನವರು ಸೀಮೆಎಣ್ಣೆಯ ದೀಪವನ್ನೂ, ಕಾರ್ಬೈಡಿನ ಮೇಲೆ ನೀರು ಹನಿಸಿ ಹುಟ್ಟಿಸುವ ಗ್ಯಾಸಿನ ದೀಪವನ್ನೂ ಸೈಕಲ್ಲಿಗೆ ತಗಲಿಸುತ್ತಿದ್ದರು. ಬಳಿಕ ಡೈನಮೊ ಬಂದಿತು. 1831ರಲ್ಲಿ ಮೈಕೇಲ್ ಫ್ಯಾರಡೆಯವರು ಕಂಡುಹಿಡಿದ ತತ್ವವೇ ಅದರ ಮೂಲ: ಅಯಸ್ಕಾಂತ ಮತ್ತು ತಂತಿಯ ಸುರುಳಿಗಳಲ್ಲಿ ಒಂದು ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ. ಟಾಯರಿಗೆ ಒರಗಿ ತಿರುಗುವ ಸಾಮಾನ್ಯ ಡೈನಮೊದ ಶಕ್ತಿ 6 ವೋಲ್ಟು, 3 ವ್ಯಾಟು ಮಾತ್ರ. ಸೈಕಲ್ಲು ನಿಂತೊಡನೆ ಅದರ ದೀಪವೂ ನಂದುತ್ತದೆ. ಇಂದಿನ ಬಿಳಿಯ ಎಲ್‌ಇಡಿ ದೀಪಕ್ಕೆ ನೀಲಿ ಎಲ್‌ಇಡಿಯೇ ಆಧಾರ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಸ್ವಲ್ಪ ವಿದ್ಯುತ್ತಿನಿಂದ ಬಹಳ ಬೆಳಕು ದೊರೆಯಿತು. ಬೆಳಕು ಹೆಚ್ಚಿದಷ್ಟೂ ಅದನ್ನು ಹಿಡಿದವನ ಹೊಣೆಯೂ ಹೆಚ್ಚಿತು.

ಇನ್ನು ಮಾಡತಕ್ಕದ್ದೇನು? ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ; ಇದನ್ನು ಅದಲುಬದಲು ಮಾಡಕೂಡದು. ಕೆಂಪು ಕಂಡರೆ “ಇವನು ನನ್ನ ಮುಂದೆ ಹೋಗುತ್ತಿದ್ದಾನೆ” ಎಂದೂ, ಬಿಳಿ ಕಂಡರೆ “ಎದುರಿಗೆ ಬರುತ್ತಿದ್ದಾನೆ” ಎಂದೂ ನೋಡುವವನು ಅರಿಯುತ್ತಾನೆ.

ಮುಂದಿನ ದೀಪವನ್ನು ಬಾಗಿಸಿ ಕಟ್ಟಬೇಕು. ಇದಕ್ಕೆ ಸುಲಭವಾದ ಪರೀಕ್ಷೆಯಿದೆ. ಸಮನೆಲದ ಮೇಲೆ ಗೋಡೆಯಿಂದ ದೀಪವು 5 ಮೀಟರು ದೂರವಿರುವಂತೆ ಸೈಕಲ್ಲನ್ನು ನಿಲ್ಲಿಸಿರಿ. ನೆಲದಿಂದ ದೀಪವು ಎಷ್ಟು ಎತ್ತರದಲ್ಲಿದೆಯೋ ಅದರ ಅರ್ಧ ಎತ್ತರದಲ್ಲಿ ಬೆಳಕಿನ ನಡುಭಾಗವು ಗೋಡೆಗೆ ಬೀಳಲಿ. ಆಗ ಅದೇ ಬೆಳಕು ರಸ್ತೆಯ ಮೇಲೆ 10 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಸಾಧಾರಣ ವೇಗದಲ್ಲಿ ಹೋಗುವವನಿಗೆ ತಗ್ಗು ಕಂಡು ನಿಲ್ಲಲು ಇಷ್ಟು ಸಾಕು; ಎದುರಿನವರ ಕಣ್ಣಿಗೂ ಅದು ಬಡಿಯದು. ಗಣಿತದ ತಾಸಿನಲ್ಲಿ ಕಲಿತ ಸಮರೂಪ ತ್ರಿಕೋನಗಳು ಹೀಗೆ ಪ್ರಾಣರಕ್ಷಣೆಗೂ ಒದಗುತ್ತವೆಂಬುದನ್ನು ಮಕ್ಕಳು ಗಮನಿಸಲಿ.

ಮುಂದಿನ ದೀಪವನ್ನು ಮಿಣುಕಿಸದೆ ಸ್ಥಿರವಾಗಿಡಿರಿ. ಮಿಣುಕುವ ಬೆಳಕಿನ ದೂರವನ್ನು ಅಳೆಯುವುದು ಕಷ್ಟ. ಮೊಬಾಯಿಲಿನ ದೀಪವನ್ನು ಒಂದು ಕೈಯಲ್ಲಿ ಹಿಡಿದು ಸೈಕಲ್ಲು ನಡೆಸಬೇಡಿರಿ. ಬ್ರೇಕಿಗೆ ಎರಡೂ ಕೈಗಳು ಬೇಕು. ಕ್ಯಾರಿಯರಿನ ಮೇಲಿನ ಪಾಟಿಚೀಲವು ಹಿಂದಿನ ದೀಪವನ್ನು ಮುಚ್ಚದಂತೆ ನೋಡಿಕೊಳ್ಳಿರಿ. ಸಾಲಾಗಿ ಹೋಗುವಾಗ ಹಿಂದಿನವನ ದೀಪವು ಮುಂದಿನವನ ಬೆನ್ನಿನ ಮೇಲೆ ಕುಣಿಯದಿರಲಿ. ಎದುರಿನ ಬೆಳಕು ಕಣ್ಣು ಕುಕ್ಕಿದರೆ ಅದನ್ನು ದಿಟ್ಟಿಸದೆ, ವೇಗ ತಗ್ಗಿಸಿ, ರಸ್ತೆಯ ಎಡ ಅಂಚನ್ನು ನೋಡುತ್ತ ಸಾಗಿರಿ. ಸೇಡಿಗಾಗಿ ನಿಮ್ಮ ದೀಪವನ್ನು ಮೇಲೆತ್ತಬೇಡಿರಿ; ಇಬ್ಬರೂ ಕುರುಡರಾದರೆ ಇಬ್ಬರಿಗೂ ಹಾದಿಯಿಲ್ಲ.

ಪಾಲಕರಿಗೆ ಒಂದು ಮಾತು. ಸೈಕಲ್ಲಿನ ಪ್ರತಿಫಲಕಗಳ ಗುಣಮಟ್ಟದ ಬಗ್ಗೆ ಭಾರತ ಸರಕಾರವು 2020ರಲ್ಲಿ ಆದೇಶ ಹೊರಡಿಸಿದೆ. ಹೊಸ ಸೈಕಲ್ಲಿನ ಪ್ರತಿಫಲಕಗಳನ್ನು ಅಂದಕ್ಕಾಗಿ ಕಿತ್ತುಹಾಕಬೇಡಿರಿ. ಆದರೆ ಅವು ತಾವಾಗಿ ಬೆಳಗುವುದಿಲ್ಲ. ಪರರ ದೀಪವು ಬಿದ್ದಾಗ ಮಾತ್ರ ಹೊಳೆಯುತ್ತವೆ. ದೀಪವಿಲ್ಲದ ಎತ್ತಿನ ಗಾಡಿಯವನಿಗೂ, ಕಾಲ್ನಡಿಗೆಯವನಿಗೂ ಅವುಗಳಿಂದ ಪ್ರಯೋಜನವಿಲ್ಲ. ಆದ್ದರಿಂದ ಎರಡೂ ಇರಲಿ. ಹಣದ ಅಡಚಣೆಯಿದ್ದವರು ಹಿಂದಿನ ಮಡ್‌ಗಾರ್ಡಿಗೆ ಬಿಳಿಯ ಬಣ್ಣವನ್ನಾದರೂ ಬಳಿಯಿರಿ, ಮಗುವಿಗೆ ಸಂಜೆ ತಿಳಿಬಣ್ಣದ ಅಂಗಿ ತೊಡಿಸಿರಿ. ಅಭ್ಯಾಸದ ಪುಸ್ತಕ ಕೊಳ್ಳುವಾಗ ಒಂದು ದೀಪದ ಖರ್ಚನ್ನೂ ಅದರ ಜೊತೆಗೆ ಹಿಡಿಯಿರಿ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟುವ ತಾಯಂದಿರು, “ದೀಪ ಚಾರ್ಜ ಆಗೇದೇನು?” ಎಂದು ಒಮ್ಮೆ ಕೇಳಿದರೆ ಸಾಕು.

ನಮ್ಮ ಸಂಸ್ಥೆಯ ಚಾಲಕರಲ್ಲಿಯೂ ಒಂದು ವಿನಂತಿ. ತಿಂಗಳಿಗೊಂದು ಶನಿವಾರ ಶಾಲೆಯ ಅಂಗಳದಲ್ಲಿ ಸೈಕಲ್ಲುಗಳನ್ನು ನಿಲ್ಲಿಸಿ ದೀಪ, ಬ್ರೇಕುಗಳನ್ನು ಪರೀಕ್ಷಿಸುವ ಪರಿಪಾಠ ಬೀಳಲಿ. ದೀಪವಿಲ್ಲದ ಬಡ ಮಗುವಿನ ಹೆಸರನ್ನು ಸಭೆಯಲ್ಲಿ ಕೂಗದೆ, ಸದ್ದಿಲ್ಲದೆ ಒಂದು ದೀಪವನ್ನು ಒದಗಿಸೋಣ. ಮೊದಲನೆಯ ದೀಪದ ವೆಚ್ಚ ನಮ್ಮದು.

ಆ ವೃದ್ಧರ ಕೈ ಕೂಡಿಕೊಂಡಿತು, ಆದರೆ ಮೊದಲಿನ ಬಲ ಬರಲಿಲ್ಲ. ಅವರ ಊರಿನ ಹಾದಿಯಲ್ಲಿ ಹೋಗುವಾಗೆಲ್ಲ ನಮ್ಮ ಕೈ ತಾನಾಗಿ ಹ್ಯಾಂಡಲ್ಲಿನ ದೀಪದ ಮೇಲೆ ಹೋಗಿ, ಅದು ಬಾಗಿದೆಯೇ ಎಂದು ನೋಡುತ್ತದೆ. ಆ ಅಭ್ಯಾಸವು ನಿಮಗೆ ಯಾರ ಮುಂಗೈಯೂ ಮುರಿಯದೆಯೇ ಬರಲಿ ಎಂದು ಹಾರೈಸಿ, ಈ ಎರಡು ಮಾತುಗಳನ್ನು ಮುಗಿಸುತ್ತೇವೆ.