ತತ್ತಿಯೊಳಗಿನ ಕಾವಲು



ತಾಳಿಕೋಟೆಯ ಕಡೆ ಹಿತ್ತಿಲಲ್ಲಿ ಕೋಳಿ ಸಾಕಿದವರಿಗೆ ಮರಿಗಳ ರಕ್ತಭೇದಿ ಎಂದರೆ ಭಯ. ಐಮೀರಿಯಾ ಎಂಬ ಏಕಕೋಶಜೀವಿ ಕರುಳನ್ನು ಹೊಕ್ಕು ಈ ರೋಗ ತರುತ್ತದೆ. ಮೇವಿನಲ್ಲಿ ಬೆರೆಸುವ ಹಲವು ಔಷಧಿಗಳಿಗೆ ಅದು ಈಗ ಬಗ್ಗುವುದಿಲ್ಲ.

ಹೇಂಟೆ ತನ್ನ ರಕ್ತದಲ್ಲಿರುವ ಪ್ರತಿಕಾಯಗಳನ್ನು ತತ್ತಿಯ ಹಳದಿಯಲ್ಲಿ ಮರಿಗಾಗಿ ಕೂಡಿಡುತ್ತದೆ. ಇದನ್ನು 1893ರಲ್ಲಿ ಫೆಲಿಕ್ಸ್ ಕ್ಲೆಂಪೆರರ್ ತೋರಿಸಿಕೊಟ್ಟರು. ಐಮೀರಿಯಾದ ಅಂಶವನ್ನು ಹೇಂಟೆಗೆ ಚುಚ್ಚಿ, ಅದರ ತತ್ತಿಯ ಹಳದಿಯನ್ನು ಪುಡಿಮಾಡಿ ಮರಿಗಳಿಗೆ ತಿನ್ನಿಸಿದರೆ, ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುತ್ತವೆ. ಇದಕ್ಕಾಗಿ ಹೇಂಟೆಯ ರಕ್ತ ತೆಗೆಯಬೇಕಿಲ್ಲ.

ಮಿತಿಗಳೂ ಇವೆ. ಹೆಚ್ಚಿನ ಕಾವು, ಜಠರದ ಆಮ್ಲ ಎರಡೂ ಪ್ರತಿಕಾಯವನ್ನು ಕೆಡಿಸುತ್ತವೆ. ತಿನ್ನಿಸುವುದು ನಿಂತರೆ ರಕ್ಷಣೆಯೂ ನಿಲ್ಲುತ್ತದೆ. ಮನೆಯ ಬೇಯಿಸಿದ ತತ್ತಿಯಿಂದ ಈ ಕೆಲಸವಾಗದು.

ಐಮೀರಿಯಾ ಬೆಳೆಯುವುದು ತೇವದಲ್ಲಿ. ಆದ್ದರಿಂದ ಗೂಡಿನ ನೆಲವನ್ನು ಒಣಗಿಸಿಡಿ. ಮೊದಲ ಕಾವಲು ಅದೇ.