ಮೇಲಿನಿಂದ ಮದ್ದು ಬೀಳುವ ಮೊದಲು

(ತೋಟದ ಕಾರ್ಮಿಕ ಕುಟುಂಬಗಳ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಹೊಸ ಯಂತ್ರವೊಂದು ತೋಟಕ್ಕೆ ಬರುತ್ತದೆಂದು ಕೇಳಿದೊಡನೆ ನಮ್ಮಲ್ಲಿ ಏಳುವ ಪ್ರಶ್ನೆ, ‘ಎಷ್ಟು ಜನರ ಕೆಲಸ ಹೋಗುತ್ತದೆ?’ ಎಂಬುದು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಈ ಸಂಜೆ ಇನ್ನೊಂದನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಮದ್ದು ಹೊಡೆಯುವ ಡ್ರೋನ್ ತಲೆಯ ಮೇಲೆ ಹಾರುವ ಮೊದಲು, ಕೆಳಗಿರುವವರಿಗೆ ಯಾರು ತಿಳಿಸುತ್ತಾರೆ?

ನಾನು ಯಂತ್ರದ ವೈರಿಯಲ್ಲ. 16 ಲೀಟರಿನ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಜಾರು ಹತ್ತುವವನ ಕಷ್ಟವನ್ನೂ, ಗಾಳಿ ತಿರುಗಿದರೆ ಮದ್ದು ಮುಖಕ್ಕೇ ಬಡಿಯುವುದನ್ನೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಆ ಭಾರ ಇಳಿದರೆ ಸಂತೋಷವೇ. ಆದರೆ ಕೈಪಂಪಿನಲ್ಲಿ ಎಕರೆಗೆ ನೂರಾರು ಲೀಟರು ನೀರು ಬೆರೆಸುವಲ್ಲಿ ಡ್ರೋನ್ ಸುಮಾರು 10 ಲೀಟರಿನಲ್ಲಿ ಮುಗಿಸುತ್ತದೆ. ಅಂದರೆ ಮದ್ದು ಗಟ್ಟಿ, ಹನಿ ಸಣ್ಣದು. ಸಣ್ಣ ಹನಿ ಗಾಳಿಯೊಡನೆ ಹೋಗುತ್ತದೆ; ತೋಟದ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ.

ಸರಕಾರ ಕೈಕಟ್ಟಿ ಕುಳಿತಿಲ್ಲ. 2021ರ ಆಗಸ್ಟಿನಲ್ಲಿ ಡ್ರೋನ್ ನಿಯಮಗಳು ಬಂದವು. ಯಾವ ತೂಕದ ಯಂತ್ರ, ಎಲ್ಲಿ ಹಾರಬಹುದು, ಎಲ್ಲಿ ಕೂಡದು ಎಂಬುದನ್ನೆಲ್ಲ ವಿಂಗಡಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕೃಷಿ ಮಂತ್ರಾಲಯವು ಮದ್ದು ಹೊಡೆಯುವ ಕ್ರಮವನ್ನು ಪ್ರಕಟಿಸಿತು: ಹಾರಿಸುವವನಿಗೆ ಪ್ರಮಾಣಪತ್ರ, ಹವಾಮಾನದ ಎಚ್ಚರ, ದೂರದ ಮಿತಿ, ಅಪಘಾತವಾದರೆ ಏನು ಮಾಡಬೇಕೆಂಬುದು. 2022ರಲ್ಲಿ 477 ಮದ್ದುಗಳನ್ನು ಡ್ರೋನಿನಿಂದ ಹೊಡೆಯಲು ಎರಡು ವರ್ಷಗಳ ಹಂಗಾಮಿ ಅನುಮತಿ ಸಿಕ್ಕಿತು. 2023ರಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಕೊಡುವ ಯೋಜನೆಗೆ ಒಪ್ಪಿಗೆಯಾಯಿತು. ಅನುಮತಿಯ ಓಟ ನೋಡಿದಿರಾ? ಎಚ್ಚರಿಕೆಯೂ ಅಷ್ಟೇ ವೇಗವಾಗಿ ಲೈನುಮನೆಗೆ ಬಂದು ತಲುಪಬೇಕಲ್ಲವೆ?

ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಆಕಾಶದಿಂದ ಮದ್ದು ಬೀಳುವುದು ನಮ್ಮ ಕಡೆಗೆ ಹೊಸದಲ್ಲ. ಕಾಸರಗೋಡಿನ ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆಗ ಹೆಲಿಕಾಪ್ಟರೇ ಹೊಸ ಯಂತ್ರ. ಮಕ್ಕಳು ಅಂಗಳಕ್ಕೆ ಓಡಿಬಂದು ನೋಡುತ್ತಿದ್ದರಂತೆ. ಆ ಗುಡ್ಡಗಳ ಜನ ಕುಡಿಯುವುದು ತೋಡಿನ ನೀರು, ಸುರಂಗದ ನೀರು. ಬಾವಿಗಾದರೆ ಮಡಲು ಮುಚ್ಚಬಹುದು, ಹರಿಯುವ ತೋಡಿಗೆ ಏನು ಮುಚ್ಚುವುದು? ಎಣ್ಮಕಜೆಯ ಪಡ್ರೆ ಭಾಗದಲ್ಲಿ ಒಂದೇ ಸುತ್ತಿನ ಮನೆಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರ್ ಹೆಚ್ಚಾಗಿರುವುದನ್ನು ಗಮನಿಸಿ ಮೊದಲು ಮಾತೆತ್ತಿದವರು ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಳೇ ಆಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಮೆಟ್ಟಿಲು ಹತ್ತಿದರು. 2000ದಲ್ಲಿ ಹೆಲಿಕಾಪ್ಟರು ನಿಂತಿತು. ದೇಶದಲ್ಲೆಲ್ಲ ಆ ಮದ್ದನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿರೆಂದು ಅದೇ ಕೋರ್ಟು 2017ರಲ್ಲಿ ಹೇಳಿತು. 2022ರಲ್ಲಿ ಮತ್ತೆ ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ!

ನಿಯಮವಿಲ್ಲದೆ ಹೀಗಾಯಿತೆಂದು ತಿಳಿಯಬೇಡಿ. 1971ರ ಕೀಟನಾಶಕ ನಿಯಮಗಳಲ್ಲಿಯೇ ಬರೆದಿತ್ತು: ಮೇಲಿನಿಂದ ಮದ್ದು ಹೊಡೆಯುವುದಾದರೆ 24 ಗಂಟೆ ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸಬೇಕು, ಸಂಬಂಧಪಡದ ಜನರೂ ದನಕರುಗಳೂ ಆ ಜಾಗಕ್ಕೆ ಹೋಗದಂತೆ ನಿಗದಿತ ಕಾಲ ತಡೆಯಬೇಕು, ತೊಳೆದುಕೊಳ್ಳಲು ನೀರು, ಪ್ರಥಮ ಚಿಕಿತ್ಸೆ ಇರಬೇಕು. ಹೆಲಿಕಾಪ್ಟರು ಹಾರುವುದಕ್ಕೆ ಎಷ್ಟೋ ವರ್ಷ ಮೊದಲೇ ಬರೆದಿಟ್ಟ ಮಾತು ಇದು. ಕೇಳಲು ಗೊತ್ತಿದ್ದವರು ಕೆಳಗೆ ಇರಲಿಲ್ಲ.

ಇನ್ನು ‘ಸಾರ್ವಜನಿಕರು’ ಅಂದರೆ ಯಾರು? ಆಫೀಸಿನ ಬಾಗಿಲಿಗೆ ಇಂಗ್ಲಿಷಿನ ಕಾಗದ ಅಂಟಿಸಿದರೆ ಕಾನೂನಿನ ಹೊಟ್ಟೆ ತುಂಬೀತು, ಲೈನಿನ ಅಜ್ಜಿಗೆ ಏನು ತಿಳಿದೀತು? ನಮ್ಮಲ್ಲಿ ಕನ್ನಡದವರಿದ್ದಾರೆ, ತಮಿಳಿನವರಿದ್ದಾರೆ, ಮಲೆಯಾಳದವರಿದ್ದಾರೆ. ಹಿಂದಿನ ದಿನ ಬೆಳಿಗ್ಗೆ ಹಾಜರಿ ಕರೆಯುವಾಗಲೇ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ, ಮೇಸ್ತ್ರಿ ಕೂಗಿ ಹೇಳಲಿ: ನಾಳೆ ಇಂಥ ಗಂಟೆಗೆ, ಇಂಥ ಕಡೆ, ಇಂಥ ಮದ್ದು. ಶಿಶುವಿಹಾರದ ಆಯಾಳಿಗೂ ಹೇಳಲಿ. ಹಿಂದಿನ ದಿನವೇ ತಿಳಿದರೆ ಹೊರಗೆ ಒಣಹಾಕಿದ ಬಟ್ಟೆ ತೆಗೆಯಬಹುದು, ನೀರಿನ ಕೊಡ ಮುಚ್ಚಬಹುದು, ಕೋಳಿಗಳನ್ನು ಕೂಡಿಹಾಕಬಹುದು.

ಓದು ಬಾರದವರೂ ಒಂದನ್ನು ನೋಡಿಕೊಳ್ಳಬಹುದು. ಮದ್ದಿನ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಂತ ಚೌಕವೊಂದಿದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತ್ಯುಗ್ರ ವಿಷ. ಹಳದಿ ಅದಕ್ಕಿಂತ ಒಂದು ಮೆಟ್ಟಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೆಂದರೆ ಔಷಧವೆಂದಲ್ಲ, ಅದೂ ವಿಷವೇ. ಮದ್ದು ಬೆರೆಸುವ ಹುಡುಗರೇ, ಆ ಡಬ್ಬಿಯ ಹೆಸರನ್ನು ಮರೆಯದೆ ಬರೆದಿಟ್ಟುಕೊಳ್ಳಿರಿ. ಯಾರಿಗಾದರೂ ತಲೆಸುತ್ತು, ವಾಂತಿ ಬಂದರೆ ಆ ಚೀಟಿಯೊಡನೆ ಆಸ್ಪತ್ರೆಗೆ ಹೋಗಿರಿ. ಯಾವ ಮದ್ದೆಂದೇ ಡಾಕ್ಟರು ಮೊದಲು ಕೇಳುತ್ತಾರೆ.